ಎನ್‌ಹೆಡುಆನ್ನ: ಹೆಸರು ಉಳಿದ ಮೊದಲ ಕವಿ?

ಮಕ್ಕಳೇ, ಬಸವಣ್ಣನವರ ವಚನವನ್ನು ಹೇಗೆ ಗುರುತಿಸುತ್ತೀರಿ? ಕೊನೆಯಲ್ಲಿ ಬರುವ ‘ಕೂಡಲಸಂಗಮದೇವ’ ಎಂಬ ಅಂಕಿತದಿಂದ ಅಲ್ಲವೇ? ಅವರಿಗಿಂತ ಸುಮಾರು 3,400 ವರ್ಷ ಮೊದಲು ಬಾಳಿದ ಒಬ್ಬ ಮಹಿಳೆಯ ಹೆಸರೂ ಹೀಗೆಯೇ ಕವಿತೆಯೊಳಗೆ ಸಿಗುತ್ತದೆ. ಆಕೆಯೇ ಎನ್‌ಹೆಡುಆನ್ನ.

ಕ್ರಿ.ಪೂ. 2300ರ ಸುಮಾರಿಗೆ ಅಕ್ಕಾದಿನ ಅರಸ ಸಾರ್ಗೋನನು ಸುಮೇರಿಯನ್ನರ ನಾಡನ್ನು ಗೆದ್ದ. ಈಗಿನ ಇರಾಕಿನ ದಕ್ಷಿಣದಲ್ಲಿದ್ದ ‘ಊರ್’ ನಗರದಲ್ಲಿ ತನ್ನ ಮಗಳನ್ನು ಚಂದ್ರದೇವ ‘ನನ್ನ’ನ ಮಹಾ ಅರ್ಚಕಿಯನ್ನಾಗಿ ಮಾಡಿದ. (ಊರ್, ನನ್ನ ಎಂದೊಡನೆ ಕನ್ನಡದ ನಂಟು ಹುಡುಕಲು ಹೋಗಬೇಡಿ!) ಎನ್‌ಹೆಡುಆನ್ನ ಎಂದರೆ ಆಕಾಶದ ಒಡವೆಯಾದ ಅರ್ಚಕಿ. ಇದು ಪದವಿಯೊಡನೆ ಬಂದ ಹೆಸರು.

ಆಕೆ ಬದುಕಿದ್ದಳೆಂಬುದರಲ್ಲಿ ಸಂಶಯವಿಲ್ಲ. 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ಅವರು ಊರ್‌ನಲ್ಲಿ ಉತ್ಖನನ ನಡೆಸಿದಾಗ ಬಿಳಿಕಲ್ಲಿನ ದುಂಡು ಫಲಕವೊಂದು ದೊರೆಯಿತು. ಅದರ ಒಂದು ಬದಿಯಲ್ಲಿ ಪೂಜೆಯ ಚಿತ್ರ, ಇನ್ನೊಂದು ಬದಿಯಲ್ಲಿ ಆಕೆಯ ಮತ್ತು ತಂದೆಯ ಹೆಸರು. ಆಕೆಯ ಕೇಶ ಅಲಂಕಾರ ಮಾಡುತ್ತಿದ್ದವನ ಮುದ್ರೆ ಕೂಡ ಸಿಕ್ಕಿದೆ!

ಆದರೆ ಕವಿತೆಗಳು ಆಕೆಯವೇ? ಇನಾನ್ನಾ ದೇವಿಯನ್ನು ಕುರಿತ 150ಕ್ಕೂ ಹೆಚ್ಚು ಸಾಲುಗಳ ಸ್ತುತಿಯೊಂದಿದೆ. ಲುಗಲ್‌ಅನೆ ಎಂಬ ಬಂಡುಕೋರ ತನ್ನನ್ನು ದೇವಾಲಯದಿಂದ ಹೊರಗಟ್ಟಿದ್ದು, ಚಂದ್ರದೇವ ಸುಮ್ಮನಿದ್ದುದು, ಕೊನೆಗೆ ದೇವಿ ಮೊರೆ ಆಲಿಸಿದ್ದು, ಎಲ್ಲವನ್ನೂ ಅಲ್ಲಿ ಅರ್ಚಕಿಯೇ ಹೆಸರು ಹೇಳಿಕೊಂಡು ನಿರೂಪಿಸುತ್ತಾಳೆ. ಕವಿತೆ ಕಟ್ಟುವುದನ್ನು ಹೆರಿಗೆಗೆ ಹೋಲಿಸುತ್ತಾಳೆ.

ತೊಡಕು ಇರುವುದು ಇಲ್ಲಿ. ಈ ಸ್ತುತಿಯ ಜೇಡಿಮಣ್ಣಿನ ಹಲಗೆಗಳು ಆಕೆಯ ಕಾಲಕ್ಕಿಂತ ಸುಮಾರು 500 ವರ್ಷ ಈಚಿನವು. ಅವುಗಳಲ್ಲಿ ಬಹಳಷ್ಟು, ಬರವಣಿಗೆ ಕಲಿಯುತ್ತಿದ್ದ ವಿದ್ಯಾರ್ಥಿಗಳು ನಕಲು ಮಾಡಿದ ಪಾಠಗಳು. ಆಕೆ ಸಂಗ್ರಹಿಸಿದಳೆನ್ನುವ 42 ದೇವಾಲಯ ಸ್ತುತಿಗಳಲ್ಲಿ ಒಂದು, ಸುಮಾರು ಎರಡು ಶತಮಾನದ ನಂತರ ಆಳಿದ ಶುಲ್ಗಿ ಎಂಬ ಅರಸನ ಗುಡಿಯನ್ನು ಕುರಿತದ್ದು! ಅದನ್ನಂತೂ ಆಕೆ ಬರೆದಿರಲಾರಳು. ಬಸವಣ್ಣನವರ ಅಂಕಿತವಿಟ್ಟು ಬೇರೆಯವರು ಸೇರಿಸಿದ ವಚನಗಳಿಲ್ಲವೇ, ಹಾಗೆ.

ನಾವಿರುವ ಜರ್ಮನಿಯಲ್ಲೂ ಈ ವಿಷಯದ ಅಧ್ಯಯನ ನಡೆದಿದೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಆಡಮ್ ಫಾಲ್ಕೆನ್‌ಸ್ಟೈನ್ ಅವರು 1958ರಲ್ಲಿ ಈ ರಾಜಕುಮಾರಿಯ ಬಗ್ಗೆ ಲೇಖನ ಬರೆದರು. 1997ರಲ್ಲಿ ಆನ್ನೆಟ್ಟೆ ತ್ಸ್‌ಗೋಲ್ ಅವರು ಇನಾನ್ನಾ ಸ್ತುತಿಯನ್ನು ದೇವರ ನ್ಯಾಯಾಲಯದಲ್ಲಿ ಆಕೆ ಹೂಡಿದ ದಾವೆಯೆಂದು ವಿವರಿಸುವ ಪುಸ್ತಕ ಪ್ರಕಟಿಸಿದರು. ಮುಂದಿನ ಕಾಲದ ಕವಿಗಳು ಆಕೆಯ ಹೆಸರಿನಲ್ಲಿ ರಚಿಸಿರಬಹುದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಮನೆ ಕಳೆದುಕೊಂಡವಳ ಆ ಸಂಕಟ ಓದುವಾಗ ನನಗಂತೂ ಅದು ಆಕೆಯದೇ ಎನ್ನಿಸುತ್ತದೆ. ಆದರೆ ಅನ್ನಿಸುವುದು ಪುರಾವೆಯಲ್ಲ. ಆಕೆಯ ಕಾಲದ ಒಂದು ಹಲಗೆ ಸಿಕ್ಕರೆ ಆಗ ಮಾತು ಬೇರೆ.