ಬರಿಗಾಲಿನ ಅಹಮದ್ ಖಾನ್

ಹತ್ತು ಗೋಲು ತಿಂದು ಸೋತ ಆಟದಲ್ಲಿ ನಮ್ಮವರು ಹೊಡೆದ ಒಂದೇ ಗೋಲು ಯಾರದು ಅಂತ ಯಾರು ಕೇಳ್ತಾರೆ? ನಾವು ಕೇಳಬೇಕು. ಅವರು ನಮ್ಮ ಬೆಂಗಳೂರಿನವರು.

ಅಹಮದ್ ಖಾನ್ ಹುಟ್ಟಿದ್ದು ೧೯೨೬ರಲ್ಲಿ. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಎರಡು ಪೆನಾಲ್ಟಿ ಕಳೆದುಕೊಂಡು ಫ್ರಾನ್ಸಿಗೆ ೨-೧ರಲ್ಲಿ ಸೋತಿತು. ಬಹಳ ಮಂದಿ ಬರಿಗಾಲಲ್ಲೇ ಆಡಿದ್ದ ಆ ತಂಡದಲ್ಲಿ ಇವರೂ ಇದ್ದರು. ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಇವರು, ಈ ಐವರ ಮುನ್ಪಡೆಗೆ ಅಲ್ಲಿನ ಜನ ಪಂಚಪಾಂಡವರು ಅಂದರು. ೧೯೪೯ರಿಂದ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿನದೇ. ಚೆಂಡನ್ನು ಆಡಿಸುವ ಚಳಕಕ್ಕೆ ಖಾನರಿಗೆ ಹಾವಾಡಿಗ ಅನ್ನೋ ಹೆಸರು ಬಂತು. ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

೧೯೫೨ರಲ್ಲಿ ಹೆಲ್ಸಿಂಕಿ. ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಸೋಲು ಖಚಿತವಾಗಿ ಎಷ್ಟೋ ಹೊತ್ತಾಗಿತ್ತು. ಆದರೂ ಕೊನೇ ಗಳಿಗೆಯಲ್ಲಿ ಖಾನರು ಗೋಲು ಹೊಡೆದೇ ಬಿಟ್ಟರು.

ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾಲ ಮುಗಿಯಿತು, ಖಾನರ ಆಟ ಮುಗಿಯಲಿಲ್ಲ. ೧೯೫೯ರ ತನಕ ಈಸ್ಟ್ ಬೆಂಗಾಲ್‌ನಲ್ಲೇ ಆಡಿದರು. ೨೦೧೭ರ ಆಗಸ್ಟಿನಲ್ಲಿ ಬೆಂಗಳೂರಲ್ಲಿ ತೀರಿಕೊಂಡರು. ದಾಖಲೆಯಲ್ಲಿ ಹತ್ತರ ಪಕ್ಕದ ಆ ಒಂದು ಮಾತ್ರ ಇಂದಿಗೂ ಅವರ ಹೆಸರಲ್ಲೇ ಇದೆ.