ಮರೆವಿನ ಬೆನ್ನುಹತ್ತಿದ ವಿಜಯಲಕ್ಷ್ಮಿ ರವೀಂದ್ರನಾಥ್

ಮಕ್ಕಳೇ, ಊರಲ್ಲಿರುವ ಅಜ್ಜಿ ವಿಡಿಯೊ ಕರೆಯಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ? ವಯಸ್ಸಾದ ಮೇಲೆ ಒಂದಿಷ್ಟು ಮರೆವು ಸಹಜ. ಆದರೆ ಮನೆಯ ದಾರಿ, ಹೆತ್ತ ಮಕ್ಕಳ ಹೆಸರು ಮರೆತುಹೋದರೆ ಅದು ಕಾಯಿಲೆ. ಅಂಥ ಕಾಯಿಲೆಗಳಲ್ಲಿ ಮುಖ್ಯವಾದದ್ದು ಅಲ್ಜೈಮರ್. ಅದರ ಗುಟ್ಟು ಬಿಡಿಸಲು ದುಡಿದ ವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1981ರಲ್ಲಿ ಪಿಎಚ್.ಡಿ. ಪಡೆದು, ಅಮೆರಿಕದಲ್ಲಿ ಸಂಶೋಧನೆ ನಡೆಸಿ, 1986ರಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆಯಾದ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಮುಂದೆ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಇದನ್ನೇ.

ಅಲ್ಜೈಮರ್ ಬಂದವರ ಮಿದುಳಿನಲ್ಲಿ ನರಕೋಶಗಳ ನಡುವೆ ಅಮಿಲಾಯ್ಡ್ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ. ವಿಜಯಲಕ್ಷ್ಮಿಯವರ ತಂಡ ಇಂಥ ಕಾಯಿಲೆಯಿದ್ದ ಇಲಿಗಳಿಗೆ ಅಶ್ವಗಂಧವೆಂಬ ಔಷಧಿ ಗಿಡದ ಬೇರಿನ ಸಾರವನ್ನು 30 ದಿನ ಕುಡಿಸಿತು. ಇಲಿಗಳ ನೆನಪು ಸುಧಾರಿಸಿತು, ಅಮಿಲಾಯ್ಡ್ ಕರಗಿತು. ಸೋಜಿಗವೆಂದರೆ, ಕೆಲಸ ನಡೆದದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ! ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನ್ ಹೆಚ್ಚಿ, ಮಿದುಳಿನ ಅಮಿಲಾಯ್ಡನ್ನು ರಕ್ತಕ್ಕೆ ಸೆಳೆದುಕೊಂಡಿತ್ತು. ಇದೇ ಕಾರಣವೆಂದು ಹೇಗೆ ಗೊತ್ತಾಯಿತು? ಯಕೃತ್ತಿನಲ್ಲಿ ಆ ಪ್ರೋಟೀನನ್ನು ತಗ್ಗಿಸಿ ನೋಡಿದರು. ಅಶ್ವಗಂಧದ ಪ್ರಭಾವವೇ ಇಲ್ಲವಾಯಿತು. ನನಗೆ ಈ ಸಂಶೋಧನೆಯಲ್ಲಿ ಬಹಳ ಹಿಡಿಸುವುದು ಈ ಮರುಪರೀಕ್ಷೆಯೇ. 2012ರಲ್ಲಿ ಪ್ರಕಟವಾದ ಈ ಫಲಿತಾಂಶ ಇಲಿಗಳದ್ದು, ಮನುಷ್ಯರದ್ದಲ್ಲ. ಹಾಗಾಗಿ ಹಿರಿಯರಿಗೆ ಅಂಗಡಿಯಿಂದ ಅಶ್ವಗಂಧದ ಪುಡಿ ತಂದು ಕೊಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ಮನುಷ್ಯರನ್ನೇ ಅರಿಯಲು ಅವರು ಹೊರಟದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ, ಮಾವಿನ ತೋಪುಗಳ ನಾಡಿಗೆ. ಅಲ್ಲಿನ ಹಳ್ಳಿಗಳ 45 ವರ್ಷ ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವುದು ಅವರು ಅಲ್ಲಿ ಕೈಗೊಂಡ ಅಧ್ಯಯನದ ಗುರಿ. ರಕ್ತ ಪರೀಕ್ಷೆ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಉಂಟು. ಓದುಬರಹ ಬಾರದ ರೈತರಿಗೆ ಪದಗಳ ಪಟ್ಟಿ ಕೊಟ್ಟು ಓದಿ ಎಂದರೆ ಆಗುತ್ತದೆಯೇ? ಅದಕ್ಕೇ ಪರೀಕ್ಷೆಗಳನ್ನು ಅವರಿಗೆ ಒಗ್ಗುವಂತೆ ಕನ್ನಡ, ತೆಲುಗಿನಲ್ಲಿ ಸಿದ್ಧಪಡಿಸಿದರು. ಮರೆವಿನ ಕಾಯಿಲೆಯ ಬಗ್ಗೆ ಜಗತ್ತು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಶ್ರೀಮಂತ ದೇಶಗಳ ಜನರಿಂದ ಬಂದದ್ದು. ನಮ್ಮ ಹಳ್ಳಿಯ ಅಜ್ಜ ಅಜ್ಜಿಯರೂ ಆ ಲೆಕ್ಕಕ್ಕೆ ಸೇರುತ್ತಿರುವುದು ಸಣ್ಣ ಸಂಗತಿಯಲ್ಲ.

ಮುಂದಿನ ರಜೆಗೆ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದೊಯ್ಯುವಂತೆ ಅಪ್ಪ ಅಮ್ಮನನ್ನು ಕೇಳಿ. ಅಲ್ಲಿ ನಿಜವಾದ ಮಿದುಳನ್ನು ಮುಟ್ಟಿ ನೋಡಲು ಬಿಡುತ್ತಾರೆ. ತಪ್ಪದೆ ಹೋಗಿ ಬನ್ನಿ.