ಮೈಸೂರಿಗೂ ಬಂದಿದ್ದರು ಅಲ್ಲಾಮ ಇಕ್ಬಾಲ್

1929ರ ಜನವರಿಯಲ್ಲಿ ಅಲ್ಲಾಮ ಮುಹಮ್ಮದ್ ಇಕ್ಬಾಲ್ ಮದ್ರಾಸಿನಲ್ಲಿ ಮೂರು ಉಪನ್ಯಾಸ ಓದಿ, ಬೆಂಗಳೂರು ದಾರಿಯಾಗಿ ಮೈಸೂರಿಗೆ ಬಂದರು. ಇಲ್ಲಿನ ವಿಶ್ವವಿದ್ಯಾನಿಲಯದಲ್ಲೂ ಮಾತಾಡಿದರು. ಶ್ರೀರಂಗಪಟ್ಟಣಕ್ಕೆ ಹೋಗಿ ಟಿಪ್ಪು ಸುಲ್ತಾನರ ಖಬರ್ ಝಿಯಾರತ್ ಮಾಡಿದರು. ಹಿಂದೂಸ್ಥಾನದ ಮೇಲೆ ಅವರು ಬರೆದ ತರಾನ ಹಾಡದ ಮಕ್ಕಳು ನಮ್ಮಲ್ಲಿ ಕಡಿಮೆ. ಆದರೆ ಆ ಉಪನ್ಯಾಸಗಳಲ್ಲಿ ಏನಿತ್ತು ಅಂತ ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ.

ಇಕ್ಬಾಲ್ ಹುಟ್ಟಿದ್ದು 1877ರಲ್ಲಿ, ಸಿಯಾಲ್‌ಕೋಟಿನಲ್ಲಿ. ತಂದೆ ದರ್ಜಿ. ಮೌಲವಿ ಮೀರ್ ಹಸನ್‌ರಲ್ಲಿ ಅರಬಿ, ಫಾರ್ಸಿ ಕಲಿತರು. ಲಾಹೋರಿನಲ್ಲಿ ತತ್ವಶಾಸ್ತ್ರದ ಎಂ.ಎ.; ಆಮೇಲೆ ಕೇಂಬ್ರಿಡ್ಜ್, ಮ್ಯೂನಿಕ್. ತಿಳಿಯುವವನು ಈಚೆ ದಡದಲ್ಲಿ, ತಿಳಿಯಬೇಕಾದದ್ದು ಆಚೆ ದಡದಲ್ಲಿ ಎಂಬ ವಿಚಾರವನ್ನು ಯುರೋಪಿನಲ್ಲಿ ಚೆನ್ನಾಗಿ ಓದಿಯೇ ಅವರು ಪ್ರಶ್ನಿಸಿದರು.

ನಮ್ಮ ಸರಗೂರಿನ ಪಕ್ಕ ಕಬಿನಿ ಹರಿಯುತ್ತದೆ. ಅಣೆಕಟ್ಟೆಯಲ್ಲಿ ನೀರಿನ ಮಟ್ಟ ಬರೆದುಕೊಳ್ಳುವವನೂ ಹೊಳೆಯನ್ನು ಬಲ್ಲ, ಅದರಲ್ಲಿ ಈಜುವವನೂ ಬಲ್ಲ. ಮೊದಲನೆಯವನ ಲೆಕ್ಕ ಸುಳ್ಳಲ್ಲ, ಆದರೆ ಅವನು ಒದ್ದೆಯಾಗಿಲ್ಲ.

ಮೇಜು ಕಂಡರೆ ಬಡಗಿ ಇದ್ದಾನೆ, ಲೋಕ ಕಂಡರೆ ಸೃಷ್ಟಿಕರ್ತನಿದ್ದಾನೆ ಅಂತ ಮದ್ರಸದಲ್ಲಿ ನಾವೂ ಮಕ್ಕಳಿಗೆ ಹೇಳ್ತೇವೆ. ಇಕ್ಬಾಲ್‌ಗೆ ಈ ವಾದ ಸಾಲದು. ಬಡಗಿ ಮರದ ಹೊರಗೆ ನಿಲ್ಲುತ್ತಾನೆ, ಮರ ಅವನು ಸೃಷ್ಟಿಸಿದ್ದಲ್ಲ. ಅಲ್ಲಾಹನನ್ನು ಹಾಗೆ ಹೊರಗಿಟ್ಟು ಸಾಬೀತು ಮಾಡಹೊರಟರೆ ನಡುವಿನ ಕಂದಕ ಮುಚ್ಚುವುದೇ ಇಲ್ಲ. ಅದಕ್ಕೇ ಅವರು ಖುದಿಯಿಂದ, ಅಂದರೆ ನಮ್ಮದೇ ಒಳಗಿನ ಅರಿವಿನಿಂದ ಶುರು ಮಾಡಿದರು. ನಾನು ಇದ್ದೇನೆ ಅಂತ ತಿಳಿಯಲು ನನ್ನಿಂದ ನಾನು ದೂರ ನಿಲ್ಲಬೇಕಾಗಿಲ್ಲವಲ್ಲ! ಹಾಗಂತ ಹನಿ ಕಡಲಲ್ಲಿ ಕರಗಿ ಹೋಗಬೇಕು ಎಂಬ ಸೂಫಿ ಮಾತನ್ನೂ ಅವರು ಒಪ್ಪಲಿಲ್ಲ. ದುಆ ಮಾಡುವವನು ದುಆದಲ್ಲಿ ಅಳಿಯುವುದಿಲ್ಲ, ಗಟ್ಟಿಯಾಗುತ್ತಾನೆ. ಪ್ರಕೃತಿಯನ್ನು ಮನಸ್ಸಿಟ್ಟು ಹುಡುಕುವ ವಿಜ್ಞಾನಿಯದ್ದೂ ಒಂದು ಬಗೆಯ ಇಬಾದತ್ತೇ ಅಂದರು.

ಇಮಾಂ ಗಝ್ಝಾಲಿ (ರ) ಬುದ್ಧಿಗೂ ಅಂತರಂಗದ ಅನುಭವಕ್ಕೂ ನಡುವೆ ಗೆರೆ ಎಳೆದರು, ಎರಡೂ ಒಂದೇ ಬೇರಿನವು ಎಂಬುದನ್ನು ಕಾಣಲಿಲ್ಲ ಎಂಬುದು ಇಕ್ಬಾಲ್‌ರ ಆಕ್ಷೇಪ. ಇಹ್ಯಾ ಓದಿ ಬೆಳೆದ ನಮಗೆ ಇದು ಸಲೀಸಾಗಿ ಇಳಿಯುವುದಿಲ್ಲ. 1095ರಲ್ಲಿ ಇಮಾಮರು ಬಗ್ದಾದಿನ ಮದ್ರಸದ ದೊಡ್ಡ ಹುದ್ದೆ ಬಿಟ್ಟು ಹೊರಟದ್ದು, ಕಲಿಸುವ ಇಲ್ಮ್ ತನ್ನ ಖಲ್ಬಿಗೆ ಇಳಿದಿಲ್ಲ ಎಂಬ ಸಂಕಟದಿಂದಲೇ ಅಲ್ಲವೇ? ಇಲ್ಲಿ ಇಕ್ಬಾಲ್ ಸ್ವಲ್ಪ ಬಿಗಿಯಾದರು ಅಂತಲೇ ನಮ್ಮ ಅನಿಸಿಕೆ.

ಉಪನ್ಯಾಸಗಳು 1930ರಲ್ಲಿ ಲಾಹೋರಿನಲ್ಲಿ ಪುಸ್ತಕವಾದವು. 1932ರ ಜಾವೀದ್ ನಾಮಾದಲ್ಲಿ ಟಿಪ್ಪುವೂ ಮಾತಾಡುತ್ತಾರೆ. ಕೊನೆಯ ವರ್ಷಗಳಲ್ಲಿ ಗಂಟಲು ಕೆಟ್ಟು ಇಕ್ಬಾಲ್‌ರ ಸ್ವರವೇ ಹೋಯಿತು. 1938ರ ಏಪ್ರಿಲ್ 21ರಂದು ವಫಾತಾದರು. ಬಾದ್‌ಶಾಹಿ ಮಸೀದಿಯ ಬದಿಯಲ್ಲಿ ಅವರ ಖಬರ್ ಇದೆ.